ದೊರೆಯ ಪಾಲಿನ ಒಡ್ಡು

ದೊರೆ ಸತ್ತ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಈ ಕಟ್ಟಳೆ ಮಾಡಿದವನು ಯಾವನೋ, ಅವನ ಬೆನ್ನ ಮೇಲೆ ಒಂದು ದಿನವೂ ಜೇಡಿಮಣ್ಣಿನ ಬುಟ್ಟಿ ಕೂತಿರಲಿಕ್ಕಿಲ್ಲ. ನಾವು ಆಡೋಣ. ವೆಲ್ಲೆನ್‌ವಾರ್ಡಿನ ದೊರೆ ಆರ್ನೌಟ್ ಹಾಸಿಗೆಯಲ್ಲಿ ಸತ್ತ. ಬಾತಿನ ಗರಿ ತುಂಬಿದ ಹಾಸಿಗೆ, ಕಾಲ ಬಳಿ ಬಿಸಿ ಇಟ್ಟಿಗೆ, ತಲೆಯ ಬಳಿ ಇಬ್ಬರು ಪಾದ್ರಿಗಳು. ಅವನ ಒಡ್ಡು ಕಟ್ಟಿದವರಲ್ಲಿ ಹಾಗೆ ಸತ್ತವರು ಒಬ್ಬರೂ ಇಲ್ಲ.

ಗಂಟೆ ಬಾರಿಸತೊಡಗಿದಾಗ ಹಿಲ್ಲೆ ತನ್ನ ಪಾಲಿನ ಒಡ್ಡಿನ ಮೇಲಿದ್ದಳು. ಮೊಣಕಾಲುದ್ದ ಕೆಸರು, ಸೊಂಟಕ್ಕೆ ಸಿಕ್ಕಿಸಿದ ಲಂಗ, ಕೈಯಲ್ಲಿ ಸಲಿಕೆ. ಕಡಲ ಕಡೆಯ ಇಳಿಜಾರಿನಲ್ಲಿ ಒಂದು ಹಸು ಮಲಗುವಷ್ಟು ಜಾಗ ಕುಸಿದಿತ್ತು. ಸಂತ ಮಾರ್ಟಿನ್ ಹಬ್ಬ ಹತ್ತಿರ ಬಂದಿತ್ತು. ಆ ಹಬ್ಬ ಕಳೆದರೆ ವಾಯವ್ಯದ ಗಾಳಿ, ಗಾಳಿಯ ಬೆನ್ನಿಗೇ ನೀರು. ಅಷ್ಟರೊಳಗೆ ಆ ಕುಸಿತ ಮುಚ್ಚದಿದ್ದರೆ ಹೊಲಕ್ಕೆ ಉಪ್ಪುನೀರು ನುಗ್ಗುತ್ತದೆ. ಒಮ್ಮೆ ಉಪ್ಪು ಕುಡಿದ ಹೊಲದಲ್ಲಿ ವರ್ಷಗಟ್ಟಲೆ ಜವೆಯ ಒಂದು ತೆನೆ ಏಳುವುದಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಹೊಲ, ಒಂದು ಗುಡಿಸಲು, ಒಂದು ಹಸು. ಅಷ್ಟೇ.

ಕೋಟೆಯ ಆಳು ಕುದುರೆ ಮೇಲೆ ಬಂದು ಕೂಗಿದ. "ಎಲ್ರೂ ಕೆಲಸ ಬಿಟ್ಟು ಇಗರ್ಜಿಗೆ ಬರ್ಬೇಕು! ಒಡೆಯರು ತೀರ್ಕೊಂಡ್ರು!"

"ಅವರೇನು ಇನ್ನು ಎದ್ದು ಓಡೋಗ್ತಾರಾ? ಈ ಗುಂಡಿ ಮುಚ್ಚಿ ಬತ್ತೀನಿ," ಎಂದಳು ಹಿಲ್ಲೆ.

"ಪಾರುಪತ್ಯಗಾರರ ಅಪ್ಪಣೆ ಕಣಮ್ಮ. ಬರ್ದೇ ಇದ್ದೋರು ಯಾರು ಅಂತ ನೋಡ್ಕೊಂಡು ಬಾ ಅಂದವ್ರೆ."

ಪಾರುಪತ್ಯಗಾರ ಎಂದರೆ ಗೆರ್ಲೋಫ್. ದೊರೆಯ ಜಮೀನೂ ಅವನ ಕೈಯಲ್ಲಿ, ಊರಿನ ಒಡ್ಡೂ ಅವನ ಕೈಯಲ್ಲಿ. ಊರಿಗೆ ಊರೇ ಕಡಲಿಗಿಂತ ತಗ್ಗಿನಲ್ಲಿದೆ, ಒಡ್ಡು ಇದ್ದರೆ ಊರು. ಯಾರಿಗೆ ಎಷ್ಟು ಹೊಲವೋ ಅವರಿಗೆ ಅಷ್ಟುದ್ದ ಒಡ್ಡಿನ ಪಾಲು. ಅದನ್ನು ಅವರೇ ಕಾಯಬೇಕು, ಅವರೇ ಮಣ್ಣು ಹಾಕಬೇಕು. ದೊರೆಗೆ ಹೊಲ ಹೆಚ್ಚು, ಹಾಗಾಗಿ ಅವನ ಪಾಲೂ ಉದ್ದ. ಕೋಟೆಯ ಕೆಳಗೆ, ಅಲೆ ನೇರವಾಗಿ ಬಂದು ಬಡಿಯುವ ಮೂಲೆಯಿಂದ ಹಿಡಿದು ಇಗರ್ಜಿಯ ತಿರುವಿನವರೆಗೆ. ಆ ಪಾಲಿಗೆ ದೊರೆ ಮಣ್ಣು ಹೊರುತ್ತಾನೆಯೇ? ಹಿಲ್ಲೆ ಹೊರಬೇಕು. ಅವಳ ಪಕ್ಕದ ಬಾವೆ ಹೊರಬೇಕು. ಊರೆಲ್ಲ ಹೊರಬೇಕು, ಬಿಟ್ಟಿ. ಅದು ಮುಗಿದು ಮೈಯಲ್ಲಿ ಉಸಿರು ಉಳಿದಿದ್ದರೆ ತಮ್ಮ ತಮ್ಮ ಪಾಲು ನೋಡಿಕೊಳ್ಳಬೇಕು. ಹಿಲ್ಲೆಯ ಪಾಲು ಕುಸಿದದ್ದು ಸುಮ್ಮನೆ ಅಲ್ಲ.

ಹಿಲ್ಲೆ ಕಾಲು ತೊಳೆದುಕೊಂಡು ಇಗರ್ಜಿಗೆ ಹೋದಳು.

ಒಡ್ಡಿನ ಜನ ನಿಲ್ಲುವುದು ಹಿಂದೆ, ಬಾಗಿಲ ಬಳಿ, ಗಾಳಿ ನುಗ್ಗುವ ಕಡೆ. ಮುಂದೆ ಬೆಂಚಿನ ಮೇಲೆ ಕೋಟೆಯವರು. ನಡುವೆ ದೊರೆಯ ಗೋರಿಕಲ್ಲು. ಬದುಕಿದ್ದಾಗಲೇ ಮಾಡಿಸಿಟ್ಟಿದ್ದ. ಕಲ್ಲಿನ ದೊರೆ ಕಲ್ಲಿನ ದಿಂಬಿಗೆ ತಲೆಯಿಟ್ಟು, ಕಾಲ ಕೆಳಗೆ ಕಲ್ಲಿನ ನಾಯಿ ಇಟ್ಟುಕೊಂಡು ಕೈ ಮುಗಿದು ಮಲಗಿದ್ದ. ನಿಜವಾದ ದೊರೆಗಿಂತ ತೆಳ್ಳಗಿದ್ದ, ನಿಜವಾದ ದೊರೆಗಿಂತ ಸಾಧುವಾಗಿದ್ದ.

ಮಠದ ಸನ್ಯಾಸಿ ಲ್ಯುಬರ್ಟ್ ಎದ್ದು ದೊರೆಯ ಚರಿತ್ರೆ ಹೇಳತೊಡಗಿದ. ಒಳ್ಳೆ ಗಂಟಲು. ಮಠಕ್ಕೆ ದೊರೆ ಬಿಟ್ಟುಕೊಟ್ಟ ಹೊಲದ ಅಗಲ ಆ ಗಂಟಲಿನಲ್ಲಿ ಕೇಳುತ್ತಿತ್ತು.

"ಪ್ರಭು ಆರ್ನೌಟ್ ಹುಟ್ಟಿದ ದಿನ ಕಡಲು ಶಾಂತವಾಗಿತ್ತು. ಕೂಸು ಹಸಿವೆಂದು ಅಳಲೇ ಇಲ್ಲ."

ಅಳುವುದು ಹೇಗೆ? ಹಿಲ್ಲೆಯ ಅವ್ವನನ್ನು ಕೋಟೆಗೆ ಎಳೆದುಕೊಂಡು ಹೋಗಿದ್ದರು, ಮೊಲೆ ಕೊಡಲಿಕ್ಕೆ. ಅವಳ ಸ್ವಂತ ಕೂಸು ಗುಡಿಸಲಲ್ಲಿ ಜವೆಯ ತಿಳಿ ಕುಡಿದು ಒಣಗಿತು. ಹಿಲ್ಲೆ ನೋಡದ ಅಣ್ಣ ಅವನು. ಹೆಸರಿಡುವ ಮೊದಲೇ ಹೋದ. ಅವ್ವ ಸಾಯುವವರೆಗೂ ಆ ಮಾತು ಬಂದರೆ ಎರಡೂ ಕೈಯಲ್ಲಿ ಎದೆ ಮುಚ್ಚಿಕೊಳ್ಳುತ್ತಿದ್ದಳು.

"ಯೌವನದಲ್ಲಿ ಪ್ರಭು ಕಡಲಾಚೆಯ ಫ್ರೀಸರ ಮೇಲೆ ದಂಡೆತ್ತಿ ಹೋಗಿ ಕುದುರೆ ಜೀನಿನ ಬೆಳ್ಳಿಯ ರಿಕಾಪು ಗೆದ್ದು ತಂದರು."

ರಿಕಾಪು ಬಂತು. ದೋಣಿಗೆ ಹುಟ್ಟು ಹಾಕಲು ಹೋದವರು ಬರಲಿಲ್ಲ. ಬಾವೆಯ ಅಪ್ಪ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಹೋದ ಹೆಂಗಸರ ಮೇಲೆ ಕೋಟೆಯ ನಾಯಿ ಬಿಟ್ಟಿದ್ದರು.

"ಕಾಡು ಜೌಗನ್ನು ಪ್ರಭು ನಾಡು ಮಾಡಿದರು."

ಆ ಜೌಗಿನಲ್ಲಿ ಊರಿನವರು ಹುಲ್ಲು ಕೊಯ್ದು ಮಾಡು ಹೊದಿಸುತ್ತಿದ್ದರು, ಹಾವುಮೀನು ಹಿಡಿಯುತ್ತಿದ್ದರು, ಚಳಿಗೆ ಉರುವಲು ಕಡಿಯುತ್ತಿದ್ದರು. ಅದಕ್ಕೆ ಬೇಲಿ ಬಿತ್ತು. ಬೇಲಿ ದಾಟಿದವನ ಹೆಬ್ಬೆರಳು ಹೋಯಿತು. ಊರಿನಲ್ಲಿ ಇವತ್ತಿಗೂ ಹೆಬ್ಬೆರಳಿಲ್ಲದ ಮುದುಕರು ಇದ್ದಾರೆ, ಲೋಟ ಎತ್ತುವಾಗ ಎರಡೂ ಅಂಗೈ ಜೋಡಿಸುತ್ತಾರೆ.

"ಪ್ರಭುವಿನ ವಿನಯವನ್ನು ಏನೆಂದು ಹೇಳಲಿ! ಪವಿತ್ರ ಗುರುವಾರದಂದು ಬಡವರ ಪಾದ ತಮ್ಮ ಕೈಯಾರೆ ತೊಳೆಯುತ್ತಿದ್ದರು."

ಇಲ್ಲಿ ಬಾವೆ ಮೂಗಿನಲ್ಲೇ ನಕ್ಕಳು. ಒಂದು ವರ್ಷ ಅವಳ ಪಾದವೂ ತೊಳೆಸಿಕೊಂಡಿತ್ತು. ಬೆಳಗ್ಗೆ ಗೆರ್ಲೋಫನ ಆಳುಗಳು ಅವಳನ್ನು ಕಾಲುವೆಗೆ ಇಳಿಸಿ, ಬೂದಿ ಮರಳು ಹಾಕಿ ಕಾಲು ಉಜ್ಜಿದ್ದರು, ರಕ್ತ ಜಿನುಗುವವರೆಗೆ. ಒಡೆಯರ ಕೈಗೆ ಕೊಳೆ ತಾಗಬಾರದಲ್ಲ. ಆಮೇಲೆ ದೊರೆ ಬಂದು ಬೆಳ್ಳಿ ಬಟ್ಟಲಿಂದ ನಾಲ್ಕು ಹನಿ ಚಿಮುಕಿಸಿದ.

"ಅಯ್ಯೋ, ನನ್ ಕಾಲ್ನೂ ಚರಿತ್ರೆಗೆ ಸೇರಿಸ್ಬಿಟ್ನಲ್ಲೇ," ಎಂದು ಬಾವೆ ಪಿಸುಗುಟ್ಟಿದಳು.

ಹಿಲ್ಲೆ ನಗಲಿಲ್ಲ. ಮುಂದೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಕಡಲು ಉಕ್ಕಿದ ಆ ದಿನ," ಸನ್ಯಾಸಿಯ ದನಿ ಏರಿತು, "ಒಡ್ಡು ಬಿರಿದಾಗ ಪ್ರಭು ಕೋಟೆಯಿಂದ ಇಳಿದು ಬಂದು, ತಮ್ಮ ಕೈಯಾರೆ ಮಣ್ಣು ಹಾಕಿ, ಬಿರುಕು ಮುಚ್ಚಿದರು. ಅದಕ್ಕೇ ಈ ಕಲ್ಲಿನ ಮೇಲೆ ಕೆತ್ತಿದೆ: ಕಡಲನ್ನು ತಡೆದವನು ಇಲ್ಲಿ ಮಲಗಿದ್ದಾನೆ."

ಆ ದಿನ ಹಿಲ್ಲೆಯೂ ಅವಳ ಗಂಡ ಹೈನ್‌ನೂ ತಮ್ಮ ಪಾಲಿನ ಮೇಲಿದ್ದರು. ಗೆರ್ಲೋಫನ ಕುದುರೆಯವರು ಬಂದು, ಈಟಿಯ ಹಿಡಿಯಿಂದ ತಿವಿದು, ದನ ಅಟ್ಟಿದಂತೆ ಅಟ್ಟಿಕೊಂಡು ಹೋದರು. ಮೊದಲು ದೊರೆಯ ಪಾಲು. ಹೈನ್ ಬಿರುಕಿನೊಳಗೆ ಇಳಿದ. ಮೇಲಿಂದ ಬುಟ್ಟಿ ಬುಟ್ಟಿ ಮಣ್ಣು ಸುರಿಯುತ್ತಿದ್ದರು, ಅವನು ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದ. ಸೊಂಟದವರೆಗೆ ನೀರು. ಆಗ ಪಕ್ಕದ ಗೋಡೆ ಜಾರಿತು. ಹೈನ್ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತುಹೋದ. ಬದುಕಿದ್ದ. ಕಣ್ಣು ಬಿಟ್ಟಿದ್ದ. ಒಂದು ಕೈ ಮೇಲಿತ್ತು.

"ನಿಲ್ಸಿ! ಅವ್ನ್ನ ತೆಗೀರಿ! ತೆಗೀರಪ್ಪಾ!" ಎಂದು ಹಿಲ್ಲೆ ಅರಚಿದಳು.

ದೊರೆ ಆರ್ನೌಟ್ ಕೋಟೆ ಬಾಗಿಲಲ್ಲಿ ನಿಂತಿದ್ದ. "ನಿಲ್ಲಿಸಬೇಡಿ," ಎಂದ. "ತುಂಬಿ."

ತುಂಬಿದರು. ಹಿಲ್ಲೆಯ ಬೆನ್ನ ಮೇಲೆ ಇದ್ದ ಬುಟ್ಟಿಯನ್ನೂ ಕಿತ್ತು ಅದೇ ಗುಂಡಿಗೆ ಸುರಿದರು. ಅವಳು ಹೊತ್ತು ತಂದ ಮಣ್ಣು. ನೀರು ನಿಂತ ಮೇಲೆ ದೊರೆ ಇಳಿದು ಬಂದು, ಆಳು ಕೊಟ್ಟ ಒಂದು ಹುಲ್ಲುಹೆಂಟೆಯನ್ನು ಅದರ ಮೇಲಿಟ್ಟು, ಕೈ ಒರೆಸಿಕೊಂಡ. ಕೈಯಾರೆ ಎಂದರೆ ಅದು. ಕಟ್ಟಿದ ಒಡ್ಡನ್ನು ಅಗೆಯುವುದು ಆ ನಾಡಿನಲ್ಲಿ ಮಹಾ ಅಪರಾಧ, ಹಾಗಾಗಿ ಹೈನ್‌ನನ್ನು ಯಾರೂ ಮೇಲೆತ್ತಲಿಲ್ಲ. ಮಂತ್ರವಿಲ್ಲ, ಶಿಲುಬೆಯಿಲ್ಲ. ಅವನ ಮೇಲೆ ಪ್ರತಿ ವರ್ಷ ಒಡ್ಡಿನ ತಪಾಸಣೆಯ ಕುದುರೆಗಳು ನಡೆದು ಹೋದವು.

"ಸುಳ್ಳು," ಎಂದಳು ಹಿಲ್ಲೆ.

ಕೂಗಲಿಲ್ಲ. ಪಕ್ಕದವಳಿಗೆ ಮೀನಿನ ಬೆಲೆ ಹೇಳುವಷ್ಟೇ ದನಿ. ಆದರೆ ಆ ಹೊತ್ತಿಗೆ ಇಗರ್ಜಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಮುಂದಿನ ಬೆಂಚಿನ ತಲೆಗಳೆಲ್ಲ ತಿರುಗಿದವು.

"ಯಾರದು?" ಎಂದ ಗೆರ್ಲೋಫ್.

ಬಾವೆ ಹಿಲ್ಲೆಯ ಲಂಗ ಜಗ್ಗಿದಳು. ಹಿಲ್ಲೆ ಜಗ್ಗಲಿಲ್ಲ. "ನಾನು, ಹೈನ್‌ನ ಹೆಂಡ್ತಿ. ಕಡಲು ತಡೆದೋನು ಅಲ್ಲಿ ಮಲಗಿಲ್ಲ, ಸ್ವಾಮಿ. ಒಡ್ಡಿನ ಒಳಗೆ ಮಲಗವ್ನೆ. ಇಲ್ಲಿ ಮಲಗಿರೋನು ನೋಡ್ತಾ ನಿಂತಿದ್ದೋನು."

ಸನ್ಯಾಸಿ ಎದೆಯ ಮೇಲೆ ಶಿಲುಬೆ ಗೀರಿಕೊಂಡ. ಹೊಸ ದೊರೆ ಯೋರಿಸ್, ಆರ್ನೌಟನ ಮಗ, ಮುಂದಿನ ಬೆಂಚಿನಲ್ಲಿ ಕೂತಿದ್ದವನು ತಿರುಗಿ ನೋಡಿದ. ಎಲ್ಲೋ ದೂರದ ಅರಮನೆಯಲ್ಲಿ ಬೆಳೆದು ಬಂದವನು. ಕಿವಿಯವರೆಗೆ ಕೆಂಪಾಗಿದ್ದ. ಸಿಟ್ಟೋ ನಾಚಿಕೆಯೋ ಹೇಳಲು ಬರುತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ಗೆರ್ಲೋಫ್ ಬಾಗಿಲಲ್ಲೇ ಅವಳನ್ನು ತಡೆದ.

"ನಾಲಿಗೆ ಉದ್ದ ಆಯ್ತು ಕಣೇ ಮುದುಕಿ. ನಾಳೆ ಒಡ್ಡಿನ ತಪಾಸಣೆ, ಗೊತ್ತಲ್ಲ? ನಿನ್ನ ಪಾಲಲ್ಲಿ ಗುಂಡಿ ಬಿದ್ದಿದೆ, ನೋಡಿದೀನಿ. ಈಗ್ಲೇ ಒಳಗೆ ಹೋಗು. ಎಲ್ಲರ ಎದುರಿಗೆ ಮಂಡಿಯೂರಿ ಒಡೆಯರ ಕಲ್ಲಿನ ಪಾದಕ್ಕೆ ಮುತ್ತಿಡು, ನಾನು ಸುಳ್ಳಿ ಅಂತ ಮೂರು ಸಲ ಹೇಳು. ಹೇಳಿದ್ರೆ ಗುಂಡಿ ನನ್ನ ಕಣ್ಣಿಗೆ ಬೀಳಲ್ಲ."

"ಇಲ್ದಿದ್ರೆ?"

"ಸಲಿಕೆ ನೆಡ್ತೀಯ."

ಸಲಿಕೆ ನೆಡುವುದೆಂದರೆ ಆ ಜನರಲ್ಲಿ ಸಾವಿಗಿಂತ ಕೆಟ್ಟ ಮಾತು. ತನ್ನ ಪಾಲು ಕಾಯಲಾರದವನು ಪಂಚರ ಎದುರು ತನ್ನ ಸಲಿಕೆಯನ್ನು ಒಡ್ಡಿಗೆ ಚುಚ್ಚಿ, ಬೆನ್ನು ತಿರುಗಿಸಿ ನಡೆಯಬೇಕು. ಹೊಲ ಹೋಯಿತು, ಗುಡಿಸಲು ಹೋಯಿತು, ಹಸು ಹೋಯಿತು. ಉಟ್ಟ ಬಟ್ಟೆ ಮಾತ್ರ ಅವನದು. ಆ ಸಲಿಕೆಯನ್ನು ಯಾರು ಕೀಳುತ್ತಾರೋ ಆ ಪಾಲೂ ಅವರದು, ಅದರ ಹೊಣೆಯೂ ಅವರದು. ಕಿತ್ತವರು ಅವತ್ತೇ ಹೊತ್ತು ಮುಳುಗುವುದರೊಳಗೆ ತಮ್ಮ ಸ್ವಂತ ಬೆನ್ನ ಮೇಲೆ ಮೊದಲ ಬುಟ್ಟಿ ಮಣ್ಣು ಹೊರಬೇಕು. ಹಾಗೆ ಹೊರಲು ಮನಸ್ಸಿಲ್ಲದವರು ಆ ಸಲಿಕೆಯನ್ನು ಮುಟ್ಟಕೂಡದು. ಒಂದು ತಪಾಸಣೆಗೆ ಒಬ್ಬರಿಂದ ಒಂದೇ ಸಲಿಕೆ. ಇದು ದೊರೆಗಳಿಗಿಂತ ಹಳೆಯ ಕಟ್ಟಳೆ. ಹೊಸ ದೊರೆಗಳು ಪಟ್ಟಕ್ಕೆ ಬರುವಾಗ ಇದನ್ನು ಮುರಿಯುವುದಿಲ್ಲವೆಂದು ಒಡ್ಡಿನ ಮೇಲೆ ನಿಂತು ಆಣೆ ಮಾಡಬೇಕು. ಆಣೆಯಾಗದೆ ಊರು ಅವರನ್ನು ದೊರೆಯೆಂದು ಒಪ್ಪಿ ಕೈಯೆತ್ತುವುದಿಲ್ಲ.

"ನಾಳೆ ನೋಡಾಣ," ಎಂದಳು ಹಿಲ್ಲೆ.

ಸಂಜೆ ಬಾವೆ ಅವಳ ಗುಡಿಸಲಿಗೆ ಬಂದಳು. ಉಪ್ಪುಮೀನು, ಒಂದು ತುಂಡು ಕಪ್ಪು ರೊಟ್ಟಿ ತಂದಿದ್ದಳು. ಒಲೆಯ ಮುಂದೆ ಕೂತು ಇಬ್ಬರೂ ತಿಂದರು. ಹಸು ಗೋಡೆಯಾಚೆ ಮೆಲುಕು ಹಾಕುತ್ತಿತ್ತು.

"ಮುತ್ತಿಟ್ಬಿಡೆ ಅತ್ಲಾಗೆ," ಎಂದಳು ಬಾವೆ. "ಕಲ್ಲು ತಾನೇ. ಆಮೇಲೆ ಮಜ್ಜಿಗೇಲಿ ಬಾಯಿ ಮುಕ್ಕಳಿಸ್ಕೊಂಡ್ರಾಯ್ತು. ನಾನು ಕಾಲು ತೊಳೆಸ್ಕೊಳ್ಲಿಲ್ವಾ?"

"ನೀನು ತೊಳೆಸ್ಕೊಂಡೆ. ನಾನು ಮುತ್ತಿಡ್ಬೇಕು."

"ಎಲ್ಲಿಗೆ ಹೋಯ್ತೀಯೇ ಈ ವಯಸ್ಸಲ್ಲಿ? ಭಿಕ್ಷೆ ಎತ್ತೋಕಾ? ನಿನ್ ಸೊಂಟ ನೋಡು, ನೆಟ್ಟಗೆ ನಿಲ್ಲೋಕಾಗಲ್ಲ."

"ಈ ಸೊಂಟ ಯಾರ ಪಾಲು ಹೊತ್ತು ಬಗ್ಗೋಯ್ತು ಬಾವೆ? ನಂದಾ?"

ಬಾವೆ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು.

"ನಂದು ಹೊತ್ತಿದ್ರೆ ಇವತ್ತು ಗುಂಡಿ ಇರ್ತಿತ್ತಾ? ಪ್ರತಿ ವರ್ಷ ತಪಾಸಣೇಲಿ ಕೇಳ್ತಾರೆ, ಈ ಪಾಲು ಯಾರದು, ಯಾರು ಕಾಯ್ತಾರೆ ಅಂತ. ದೊರೆ ಪಾಲಿನ ಮೇಲೆ ಗೆರ್ಲೋಫನೇ ಕೇಳ್ತಾನೆ, ಗೆರ್ಲೋಫನೇ ಹೇಳ್ತಾನೆ, ದೊರೆಯೇ ಕಾಯೋದು ಅಂತ. ನಾವೆಲ್ಲ ಬಾಯಿಗೆ ಬೆಣೆ ಹೊಡ್ಕೊಂಡು ನಿಂತಿರ್ತೀವಿ. ನನ್ ಗಂಡನ್ ಮೇಲೆ ನಿಂತ್ಕೊಂಡು ಹೇಳ್ತಾನೆ ಕಣೇ. ನಾನೂ ಕೇಳ್ಕೊಂಡು ನಿಂತಿರ್ತೀನಿ."

ಹಿಲ್ಲೆ ಅತ್ತಳು. ಅಳುವಾಗ ಸದ್ದು ಬರಲಿಲ್ಲ, ಭುಜ ಮಾತ್ರ ಕುಲುಕಿತು. ಬಾವೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬುಟ್ಟಿ ಉಜ್ಜಿ ಉಜ್ಜಿ ಅಲ್ಲಿ ಚರ್ಮ ಹೋರಿಯ ಕೊರಳಿನಂತೆ ಗಡುಸಾಗಿತ್ತು.

ಬೆಳಗ್ಗೆ ಗಾಳಿ ಏಳುತ್ತಿತ್ತು. ಒಡ್ಡಿನ ಮೇಲೆ ಕುದುರೆಗಳು ಬಂದವು. ಮುಂದೆ ಗೆರ್ಲೋಫ್, ಅವನ ಹಿಂದೆ ಅಕ್ಕಪಕ್ಕದ ಊರುಗಳ ಪಂಚರು, ಕೊನೆಗೆ ಕಪ್ಪು ಮಕಮಲ್ಲಿನ ನಿಲುವಂಗಿಯಲ್ಲಿ ಯೋರಿಸ್. ತಪಾಸಣೆ ಮುಗಿದ ಕೂಡಲೇ ಅಲ್ಲೇ ಅವನ ಆಣೆ, ಅಲ್ಲೇ ಊರಿನವರು ಕೈಯೆತ್ತುವುದು. ಕೋಟೆಯಲ್ಲಿ ಹಂದಿ ಬೇಯುತ್ತಿತ್ತು, ವಾಸನೆ ಒಡ್ಡಿನವರೆಗೂ ಬರುತ್ತಿತ್ತು.

ಪಾಲು ಪಾಲಿಗೂ ಗೆರ್ಲೋಫ್ ಕೇಳಿದ, "ಈ ಪಾಲು ಯಾರದು?" ಪಾಲಿನವರು ಬಗ್ಗಿ ಹುಲ್ಲಿನ ಮೇಲೆ ಅಂಗೈಯಿಟ್ಟು, "ನಂದು, ನಾನೇ ಕಾಯ್ತೀನಿ," ಎಂದರು. ಊರಿನವರೆಲ್ಲ ಹಿಂದೆಯೇ ನಡೆದರು. ಹಿಲ್ಲೆಯ ಪಾಲು ಬಂತು.

"ಈ ಪಾಲು ಯಾರದು?"

ಅವಳು ಅಂಗೈ ಊರಿದಳು. "ನಂದು, ನಾನೇ ಕಾಯ್ತೀನಿ."

"ಕಾಯೋ ಚೆಂದ ನೋಡ್ರಪ್ಪಾ!" ಗೆರ್ಲೋಫ್ ಗುಂಡಿಯ ಕಡೆ ಚಾಟಿ ತೋರಿಸಿದ. "ಹಂದಿ ಹೊರಳಾಡೋ ಹಾಗಿದೆ. ಕೊನೇ ಸಲ ಕೇಳ್ತೀನಿ. ಇಗರ್ಜಿಗೆ ಬಂದು ಕಲ್ಲಿಗೆ ಮುತ್ತಿಡ್ತೀಯೋ, ಸಲಿಕೆ ನೆಡ್ತೀಯೋ?"

"ಮುತ್ತಿಡಲ್ಲ."

"ಹಾಗಾದ್ರೆ ಪಂಚರ ಎದುರು ಹೇಳ್ತಿದೀನಿ, ಕೇಳಿಸ್ಕೊಳ್ಳಿ. ಹೈನ್‌ನ ಹೆಂಡ್ತಿ ಹಿಲ್ಲೆ, ಎತ್ತು ಸಲಿಕೆ! ನೆಡು!"

ಅವನಿಗೆ ಅವಸರ. ಹಂದಿ ಬೇಯುತ್ತಿತ್ತಲ್ಲ. ಯಾವ ಪಾಲಿನ ಮೇಲೆ ಎಂದು ಅವನು ಹೇಳಲಿಲ್ಲ. ಹೇಳುವುದೇನಿದೆ, ಎಲ್ಲರೂ ತಮ್ಮ ಪಾಲಿನ ಮೇಲೇ ತಾನೇ ನೆಡುವುದು.

ಹಿಲ್ಲೆ ಸಲಿಕೆ ಹೆಗಲ ಮೇಲಿಟ್ಟುಕೊಂಡಳು. ನಡೆದಳು. ತನ್ನ ಪಾಲಿನ ಗುರುತುಗೂಟ ದಾಟಿದಳು. ಬಾವೆಯ ಪಾಲು ದಾಟಿದಳು.

"ಏಯ್, ಎಲ್ಲಿಗೆ? ನಿಲ್ಲೇ!"

ನಿಲ್ಲಲಿಲ್ಲ. ಗಾಳಿಗೆ ಮೈಯೊಡ್ಡಿ ಬಗ್ಗಿದ ಸೊಂಟದಲ್ಲೇ ನಡೆದಳು. ಕೋಟೆಯ ಕೆಳಗಿನ ಮೂಲೆಗೆ ಬಂದಳು. ಹೈನ್ ಇದ್ದ ಜಾಗ ಅವಳಿಗೆ ಗೊತ್ತಿತ್ತು, ಅವನಿಗೆ ಚುಚ್ಚದಿರಲೆಂದು ಸ್ವಲ್ಪ ಸರಿದು ನಿಂತಳು. ಎರಡೂ ಕೈಯಲ್ಲಿ ಸಲಿಕೆ ಎತ್ತಿ ನೆಟ್ಟಳು. ಕಟ್ಟಿಗೆಯ ಮೆಟ್ಟಿನಿಂದ ಅದನ್ನು ಮೆಟ್ಟಿದಳು. ಹಿಡಿಯವರೆಗೆ ಹೂತಿತು.

"ಇದು ದೊರೆಯ ಪಾಲು!" ಗೆರ್ಲೋಫ್ ಕುದುರೆ ಓಡಿಸಿಕೊಂಡು ಬಂದ. "ತಲೆ ಕೆಟ್ಟಿದ್ಯಾ? ನಿನ್ನ ಪಾಲು ಅಲ್ಲಿದೆ!"

"ಸಲಿಕೆ ನೆಡು ಅಂದ್ರಿ, ನೆಟ್ಟೆ. ನಾನು ಯಾವ ಪಾಲು ಹೊತ್ತಿದ್ನೋ ಅದ್ರಲ್ಲೇ ನೆಟ್ಟಿದೀನಿ," ಎಂದಳು ಹಿಲ್ಲೆ. "ಮದ್ವೆಯಾಗಿ ಬಂದಾಗಿಂದ ಹೊತ್ತೆ. ಬಸುರೀಲಿ ಹೊತ್ತೆ. ಬಾಣಂತೀಲಿ ಹೊತ್ತೆ. ನನ್ ಗಂಡನ್ನೂ ಇದ್ರೊಳಕ್ಕೇ ಹಾಕಿದ್ರಿ. ಇನ್ ನನ್ ಕೈಲಾಗಲ್ಲ. ಬಿಟ್ಟೆ. ಯಾರ್ ಕೀಳ್ತಾರೋ ಅವ್ರದು."

ಅಷ್ಟು ಹೇಳಿ, ಕಟ್ಟಳೆಯಂತೆ, ಸಲಿಕೆಗೆ ಬೆನ್ನು ತಿರುಗಿಸಿ ನಿಂತಳು.

"ಈ ಪಾಲು ಕಾಯೋದು ದೊರೆ! ಪ್ರತಿ ವರ್ಷ ಹೇಳಿದೆ, ಪ್ರತಿ ವರ್ಷ ಪಂಚರು ಒಪ್ಪಿದ್ದಾರೆ!"

"ಕೇಳಿ ಮತ್ತೆ," ಎಂದಳು ಹಿಲ್ಲೆ. "ಅಕ್ಕಪಕ್ಕದೋರ್ನ ಕೇಳಿ. ಕಟ್ಟಳೆ ಅದೇ ಅಲ್ವಾ?"

ಪಂಚರಲ್ಲಿ ಹಿರಿಯನಾದ ಟೀಮೆನ್ ಇಲ್ಲಿಯವರೆಗೆ ಕುದುರೆಯ ಕಿವಿ ನೋಡುತ್ತಾ ಕೂತಿದ್ದ. ಪ್ರತಿ ವರ್ಷವೂ ಹಾಗೇ ಕೂತಿರುತ್ತಿದ್ದ. ಈಗ ಕೆಳಗಿಳಿದ. ಮುದುಕನ ಮುಖ ಸುಟ್ಟ ಗೆಣಸಿನಂತಾಗಿತ್ತು. ಹೆಸರಿಗಾದರೂ ಪಂಚನಲ್ಲವೇ, ಕೇಳಲೇಬೇಕಾಯಿತು.

"ಈ ಪಾಲು ಯಾರು ಕಾಯ್ತಾರೆ?" ಎಂದು ಊರಿನವರ ಕಡೆ ತಿರುಗಿದ. "ಕಡಲ ಮೇಲೆ ಆಣೆಯಿಟ್ಟು ಹೇಳಿ."

ಗೆರ್ಲೋಫ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಹಿಲ್ಲೆ ಬೆನ್ನು ತಿರುಗಿಸಿಯೇ ನಿಂತಿದ್ದಳು. ಯಾರೂ ಬಾಯಿ ಬಿಡದಿದ್ದರೆ ಅವಳ ಸಲಿಕೆ ಸುಳ್ಳು ಸಲಿಕೆ. ಸುಳ್ಳು ಸಲಿಕೆ ನೆಟ್ಟವರ ಕೈ ಕಡಿಯುತ್ತಾರೆ. ಅದೂ ಅವಳಿಗೆ ಗೊತ್ತಿತ್ತು.

"ಹಿಲ್ಲೆ ಕಾಯ್ತಾಳೆ," ಎಂದಳು ಬಾವೆ. ಬಗ್ಗಿ ಹುಲ್ಲಿಗೆ ಅಂಗೈ ಊರಿದಳು. "ನಾನೂ ಕಾಯ್ತೀನಿ. ದೊರೆ ಒಂದ್ ಹುಲ್ಲುಹೆಂಟೆ ಇಟ್ಟವ್ರೆ. ಬೇಕಾದ್ರೆ ಅದ್ನ ಬಿಡಿಸ್ಕೊಂಡು ಹೋಗ್ಲಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಆ ನಗುವಿಗೆ ಎಲ್ಲರ ಬಾಯಿಯ ಬೆಣೆ ಕಿತ್ತುಹೋಯಿತು.

"ಹಿಲ್ಲೆ ಕಾಯ್ತಾಳೆ."

"ನಾನೂ ಹೊತ್ತಿದೀನಿ. ನಮ್ಮಪ್ಪಾನೂ ಹೊತ್ತವ್ನೆ."

ಹೆಬ್ಬೆರಳಿಲ್ಲದ ಕೈಗಳೂ ಹುಲ್ಲಿನ ಮೇಲೆ ಊರಿದವು. ಒಬ್ಬರ ಹಿಂದೆ ಒಬ್ಬರು ಬಂದು, ಹಿಲ್ಲೆಯ ಸಲಿಕೆಯ ಸಾಲಿಗೇ ತಮ್ಮ ತಮ್ಮ ಸಲಿಕೆಯನ್ನೂ ಚುಚ್ಚಿದರು. ಚುಚ್ಚಿ ಬೆನ್ನು ತಿರುಗಿಸಿದರು. ಕೋಟೆಯ ಮೂಲೆಯಿಂದ ಇಗರ್ಜಿಯ ತಿರುವಿನವರೆಗೆ ಸಲಿಕೆಗಳು ನಿಂತವು.

"ಕಿತ್ತು ಬಿಸಾಕ್ರೋ!" ಎಂದು ಗೆರ್ಲೋಫ್ ಆಳುಗಳಿಗೆ ಕಿರುಚಿದ.

ಆಳು ಒಂದು ಹೆಜ್ಜೆ ಮುಂದಿಟ್ಟವನು ಎರಡು ಹೆಜ್ಜೆ ಹಿಂದೆ ಸರಿದ. "ನಾನ್ಯಾಕೆ ಕೀಳ್ಲಿ ಸ್ವಾಮಿ? ಕಿತ್ರೆ ಸಾಯೋಗಂಟ ನಾನ್ ಹೊರ್ಬೇಕು. ನೀವೇ ಕೀಳಿ."

ಗೆರ್ಲೋಫ್ ಕೈ ಚಾಚಿದ. ಟೀಮೆನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಗೆರ್ಲೋಫನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೋಗಿ ಅವನ ಸೊಂಟಪಟ್ಟಿಯೊಳಗೆ ಸೇರಿಕೊಂಡಿತು. ಈಗ ಊರೆಲ್ಲ ನಕ್ಕಿತು.

ಕೆಳಗೆ ಕಡಲು ಏರುತ್ತಿತ್ತು. ನೊರೆ ಆಗಲೇ ಒಡ್ಡಿನ ಪಾದದ ಹುಲ್ಲು ನೆಕ್ಕುತ್ತಿತ್ತು. ಈ ವರ್ಷ ದೊರೆಯ ಪಾಲಿಗೆ ಬೇಸಿಗೆಯ ಮಣ್ಣು ಬಿದ್ದಿರಲಿಲ್ಲ. ದೊರೆ ಹಾಸಿಗೆ ಹಿಡಿದಿದ್ದಾಗ ಊರಿನವರನ್ನೆಲ್ಲ ಅವನ ಗೋರಿಕಲ್ಲು ಎಳೆಯಲು ಹಚ್ಚಿದ್ದರಲ್ಲ.

ಯೋರಿಸ್ ಕುದುರೆ ಮೇಲಿಂದ ಕೇಳಿದ, "ನಾನು ಈ ಸಲಿಕೆ ಕೀಳದಿದ್ದರೆ?"

"ಈ ಪಾಲಿಗೆ ಯಾರೂ ದಿಕ್ಕಿಲ್ಲ, ಒಡೆಯ," ಎಂದ ಟೀಮೆನ್. "ಊರಿನೋರು ಮಣ್ಣು ಹೊರಲ್ಲ. ಆಣೆ ಇಲ್ಲ, ಕೈಯೆತ್ತೋದೂ ಇಲ್ಲ. ರಾತ್ರಿಗೆ ನೀರು ಮೊದ್ಲು ನಿಮ್ಮ ಕೋಟೆಗೇ ಬತ್ತದೆ."

"ನಿಮ್ಮ ಮನೆಗಳಿಗೂ ಬರುತ್ತೆ! ನಿಮ್ಮ ಮಕ್ಕಳಿಗೂ ಬರುತ್ತೆ!"

ಹಿಲ್ಲೆ ಆಗ ತಿರುಗಿದಳು. "ಬತ್ತದೆ, ಒಡೆಯ. ನಮ್ಗೆ ಯಾವಾಗ್ಲೂ ಬತ್ತಾನೇ ಇತ್ತು. ನಿಮ್ಗೆ ಬರ್ಲಿಲ್ಲ, ಅಷ್ಟೇ."

ಯೋರಿಸ್ ಕಡಲನ್ನು ನೋಡಿದ. ಆಮೇಲೆ ಕುದುರೆಯಿಂದ ಇಳಿದ. ಕೈಗವಸು ಕಳಚಿದ. ಹಿಲ್ಲೆಯ ಸಲಿಕೆಯ ಹಿಡಿಗೆ ಎರಡೂ ಕೈ ಹಾಕಿ ಎಳೆದ. ಅದು ಬರಲಿಲ್ಲ. ಮಂಡಿ ಮಡಿಸಿ ಮತ್ತೆ ಎಳೆದ. ಮಣ್ಣು ಸಲಿಕೆಯನ್ನು ಬಿಟ್ಟಾಗ ಹಿಂದಕ್ಕೆ ಮುಗ್ಗರಿಸಿ ಮಕಮಲ್ಲಿನ ಸಮೇತ ಕೆಸರಲ್ಲಿ ಕೂತ.

"ಒಂದು ಕಿತ್ರೆ ಸಾಲೆಲ್ಲ ಕಿತ್ತ ಹಾಗೆ. ಈ ಪಾಲು ಯಾರದು?" ಎಂದು ಕೇಳಿದ ಟೀಮೆನ್.

"ನನ್ನದು," ಎಂದ ಯೋರಿಸ್, ಹಲ್ಲು ಕಚ್ಚಿಕೊಂಡು. "ನಾನೇ ಕಾಯ್ತೀನಿ."

"ನನ್ನ ಪಾಲಿನ ಕತೆ?" ಎಂದು ಹಿಲ್ಲೆ ಟೀಮೆನ್‌ನನ್ನು ಕೇಳಿದಳು.

"ನೀನು ನೆಟ್ಟಾಯ್ತಲ್ಲ, ಬಿಟ್ಟಿದ್ದು ಈ ಪಾಲು, ನಿಂದಲ್ಲ. ಒಂದು ತಪಾಸಣೆಗೆ ಒಂದೇ ಸಲಿಕೆ. ಮುಂದಿನ ತಪಾಸಣೆಯೊಳಗೆ ಗುಂಡಿ ಮುಚ್ಚಮ್ಮ, ಹೋಗು."

ಗೆರ್ಲೋಫ್ ಏನೋ ಹೇಳಲು ಬಾಯಿ ತೆರೆದ. ಟೀಮೆನ್ ಅವನತ್ತ ತಿರುಗಿಯೂ ನೋಡಲಿಲ್ಲ.

ಹಿಲ್ಲೆ ಹೊರಟಳು. ಬಾವೆ ತನ್ನ ಬುಟ್ಟಿ ಎತ್ತಿಕೊಂಡು ಜೊತೆಗೆ ಬಂದಳು. ಗುಂಡಿಯ ಬಳಿ ಬಂದು, ಹಳ್ಳದಿಂದ ಜೇಡಿಮಣ್ಣು ಕಿತ್ತು, ಬೆನ್ನ ಮೇಲೆ ಹೊತ್ತು, ಸುರಿದು, ತುಳಿದರು. ಗಾಳಿ ಕಿವಿ ಕತ್ತರಿಸುತ್ತಿತ್ತು. ಹಿಲ್ಲೆ ಏದುಸಿರು ಬಿಡುತ್ತಿದ್ದಳು, ಮೈ ಬೆವತಿತ್ತು, ಬಾಯಲ್ಲಿ ಬಾವೆಗೆ ಬೈಗುಳ ಬರುತ್ತಿತ್ತು. ಬಾವೆಗೆ ಅದನ್ನು ಕೇಳಿ ಖುಷಿಯೋ ಖುಷಿ.

ಕೋಟೆಯ ಮೂಲೆಯಲ್ಲಿ ಕೋಟೆಯವರೆಲ್ಲ ಹಳ್ಳಕ್ಕೆ ಇಳಿದಿದ್ದರು. ಅಡುಗೆಯವರು, ಕುದುರೆಯವರು, ಗೆರ್ಲೋಫ್ ಕೂಡ. ಮೊದಲ ಬುಟ್ಟಿ ಯೋರಿಸನದು. ಹಗ್ಗ ಹಣೆಗೆ ಹಾಕಿಕೊಳ್ಳುವುದು ಗೊತ್ತಿಲ್ಲದೆ ಕುತ್ತಿಗೆಗೆ ಹಾಕಿಕೊಂಡಿದ್ದ. ಬೆನ್ನು ಮುರಿದವನಂತೆ ಬಗ್ಗಿ, ಕಾಲು ಜಾರುತ್ತ ಜಾರುತ್ತ ಇಳಿಜಾರು ಹತ್ತಿ ಮೇಲೆ ಬಂದ. ಮಣ್ಣು ಸುರಿಯಬೇಕಾದ ಕಡೆಗೆ ನೇರ ದಾರಿ ಹಿಡಿದ.

ಹಿಲ್ಲೆ ತನ್ನ ಗುಂಡಿಯಿಂದ ನೆಟ್ಟಗೆ ಎದ್ದು ನಿಂತಳು. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ಬಾವೆ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

"ಒಡೆಯಾ!" ಎಂದು ಗಾಳಿಗೆ ಎದುರಾಗಿ ಕೂಗಿದಳು. "ನಿಲ್ಲಿ! ಅಲ್ಲಿ ನನ್ ಗಂಡ ಮಲಗವ್ನೆ! ತುಳೀಬೇಡಿ, ಸುತ್ತಿ ಹೋಗಿ!"

ಯೋರಿಸ್ ನಿಂತ. ತಲೆಯೆತ್ತಲು ಆಗಲಿಲ್ಲ, ಹೊರೆ ಬಿಡಲಿಲ್ಲ. ತನ್ನ ಕಾಲ ಮುಂದಿನ ಹುಲ್ಲನ್ನು ನೋಡಿದ. ಆಮೇಲೆ, ಬುಟ್ಟಿ ಹೊತ್ತ ದೊರೆ ಸುತ್ತಿಕೊಂಡು ಹೋದ.